ಕೈಲಾಸ ಪರಿಕ್ರಮಕ್ಕೆ ಹೊರಡುವ ಮುನ್ನ: ದೇಹ, ಕಾಗದಪತ್ರ ಮತ್ತು ಮನಸ್ಸಿನ ತಯಾರಿ

ಕೈಲಾಸ ಯಾತ್ರೆಯ ಬಗ್ಗೆ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಖರ್ಚಿನದು, ಎರಡನೆಯದು ಚಳಿಯದು. ಮೂರನೆಯ ಪ್ರಶ್ನೆ ಎಲ್ಲರ ಮುಖದಲ್ಲೂ ಇರುತ್ತದೆ, ಬಾಯಿಬಿಟ್ಟು ಕೇಳುವವರು ಕಡಿಮೆ: ಅಷ್ಟು ದೂರ, ಅಷ್ಟು ಕಷ್ಟಪಟ್ಟು ಹೋಗಿಬಂದರೆ ನನ್ನೊಳಗೆ ಏನಾದರೂ ಬದಲಾಗುತ್ತದೆಯೇ?

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಪರಿಕ್ರಮದ ಅತಿ ಎತ್ತರದ ಕಣಿವೆದಾರಿಯಾದ ಡೋಲ್ಮಾ ಲಾದ ಬುಡದವರೆಗೆ ಹೋಗಿ ಹಿಂದಿರುಗಿದೆ. ಕೆಲವು ವರ್ಷಗಳ ನಂತರ ಎರಡನೆಯ ಸಲ, ಅರ್ಧ ದಾರಿ ಕುದುರೆಯ ಮೇಲೆ ಕೂತು, ಪರಿಕ್ರಮ ಪೂರ್ತಿ ಮಾಡಿದೆ. ನನ್ನನ್ನು ಹೆಚ್ಚು ಬದಲಿಸಿದ್ದು ಮೊದಲನೆಯ ಯಾತ್ರೆ. ಹಾಗಾಗಿ ಈ ಬರಹದಲ್ಲಿ ನಡೆಯುವ ತಯಾರಿಯಷ್ಟೇ ನಿಲ್ಲುವ ತಯಾರಿಯ ಮಾತೂ ಇದೆ. ಅರ್ಜಿ, ಆಸ್ಪತ್ರೆ, ಬೂಟು, ಔಷಧಿ ಎಲ್ಲವನ್ನೂ ಹೇಳುತ್ತೇನೆ. ಒಳಗಿನ ಕೆಲಸ ಇವುಗಳ ಜೊತೆಜೊತೆಗೇ ನಡೆಯುವುದರಿಂದ ಅದಕ್ಕೆಂದು ಬೇರೆ ಅಧ್ಯಾಯ ಮಾಡಿಲ್ಲ.

ಮೊದಲು ಕಾರಣವನ್ನು ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ಯಾಕೆ ಹೋಗುತ್ತಿದ್ದೀರಿ ಎಂದು ಬರೆಯಿರಿ. ಚೆಂದದ ವಾಕ್ಯ ಬೇಡ. "ಅಮ್ಮ ತೀರಿಕೊಂಡ ಮೇಲೆ ಯಾವುದರಲ್ಲೂ ಮನಸ್ಸಿಲ್ಲ", "ನಿವೃತ್ತನಾದೆ, ನಾಳೆ ಏನು ಎಂದು ಗೊತ್ತಿಲ್ಲ", "ಹರಕೆ ಇತ್ತು". ಇಂಥ ನಿಜವಾದ ಒಂದು ಸಾಲು ಸಾಕು. ಬರೆದ ಕಾರಣ ಇನ್ನೊಬ್ಬರಿಗೆ ತೋರಿಸಬೇಕೆಂಬ ಆಸೆಯಿಂದ ಹುಟ್ಟಿದ್ದಾದರೆ ಅದನ್ನೂ ಹಾಗೆಯೇ ಬರೆಯಿರಿ. ಮುಂದಿನ ಆರು ತಿಂಗಳಲ್ಲಿ ಆ ಸಾಲು ತಾನಾಗಿ ಬದಲಾಗುತ್ತಾ ಹೋಗುತ್ತದೆ. ತಿಂಗಳಿಗೊಮ್ಮೆ ಹೊಸ ಸಾಲು ಬರೆಯಿರಿ, ಹಳೆಯದನ್ನು ಹೊಡೆದುಹಾಕಬೇಡಿ.

ಈ ಬೆಟ್ಟದ ಬಗ್ಗೆ ಒಂದಿಷ್ಟು ತಿಳಿದುಕೊಂಡು ಹೊರಡುವುದು ಒಳ್ಳೆಯದು. ಸುಮಾರು 6,638 ಮೀಟರ್ ಎತ್ತರದ ಕೈಲಾಸ ಹಿಂದೂಗಳಿಗೆ ಶಿವನ ನೆಲೆ. ಜೈನರು ಅದನ್ನು ಆದಿನಾಥರು ಮುಕ್ತಿ ಪಡೆದ ಅಷ್ಟಾಪದವೆಂದು ನಂಬುತ್ತಾರೆ. ಟಿಬೆಟಿನ ಬೌದ್ಧರು ಕಾಂಗ್ ರಿಂಪೋಚೆ, ಅಂದರೆ ಹಿಮದ ರತ್ನ, ಎನ್ನುತ್ತಾರೆ. ಅವರಿಗಿಂತ ಹಳೆಯ ಬೋನ್ ಧರ್ಮದವರಿಗೂ ಅದು ಪವಿತ್ರ, ಅವರು ನಮಗೆ ಎದುರಾಗಿ ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಶಿಖರವನ್ನು ಈವರೆಗೆ ಯಾರೂ ಹತ್ತಿಲ್ಲ. ನಾವು ಮಾಡುವುದು ಸುತ್ತು ಬರುವುದಷ್ಟೇ, ಸುಮಾರು 52 ಕಿಲೋಮೀಟರ್. ಎತ್ತರಕ್ಕೆ ಹೋಗಿ ಕೂಡ ತುದಿಯನ್ನು ಮುಟ್ಟದೆ, ಅದನ್ನು ಬಲಕ್ಕಿಟ್ಟುಕೊಂಡು ಸುಮ್ಮನೆ ನಡೆದು ಬರುವ ಈ ಕ್ರಮದಲ್ಲೇ ದೊಡ್ಡ ಪಾಠವಿದೆ ಎಂದು ನನಗೆ ಅನ್ನಿಸುತ್ತದೆ.

ದಾರಿಯ ಆಯ್ಕೆ

ಭಾರತೀಯರಿಗೆ ಮುಖ್ಯವಾಗಿ ಎರಡು ಬಗೆ: ಸರ್ಕಾರದ ಯಾತ್ರೆ, ಅಥವಾ ನೇಪಾಳದ ಮೂಲಕ ಖಾಸಗಿ ಯಾತ್ರೆ.

ಸರ್ಕಾರದ ಯಾತ್ರೆಯನ್ನು ವಿದೇಶಾಂಗ ಸಚಿವಾಲಯ 1981ರಿಂದ ನಡೆಸುತ್ತಿದೆ. ಉತ್ತರಾಖಂಡದ ಲಿಪುಲೇಖ್ ಹಳೆಯ ದಾರಿ, ಸಿಕ್ಕಿಮ್‌ನ ನಾಥು ಲಾ 2015ರಲ್ಲಿ ತೆರೆದದ್ದು. 2020ರಿಂದ ಐದು ವರ್ಷ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಲಿಪುಲೇಖ್ ಮೂಲಕ 50 ಜನರ 5 ಬ್ಯಾಚ್, ನಾಥು ಲಾ ಮೂಲಕ 50 ಜನರ 10 ಬ್ಯಾಚ್ ನಿಗದಿಯಾಗಿತ್ತು. ಒಟ್ಟು 750 ಜನ. ಆಯ್ಕೆ ಕಂಪ್ಯೂಟರ್ ಲಾಟರಿಯಲ್ಲಿ. ಒಬ್ಬರಿಗೆ ತಗಲುವ ವೆಚ್ಚ 2025ರಲ್ಲಿ ಲಿಪುಲೇಖ್ ದಾರಿಗೆ ಸುಮಾರು 1.74 ಲಕ್ಷ ರೂಪಾಯಿ, ನಾಥು ಲಾ ದಾರಿಗೆ ಸುಮಾರು 2.83 ಲಕ್ಷ ರೂಪಾಯಿ ಇತ್ತು. ಎರಡೂ ದಾರಿಗೆ ಮೂರು ವಾರಕ್ಕೂ ಮೇಲ್ಪಟ್ಟು ರಜೆ ಇಟ್ಟುಕೊಳ್ಳಿ. ಕರ್ನಾಟಕದವರಿಗೆ ಮುಜರಾಯಿ ಇಲಾಖೆಯ ಸಹಾಯಧನವೂ ಇದೆ. ಹಿಂದಿರುಗಿದ ಮೇಲೆ ಅರ್ಜಿ ಹಾಕಲು ದಾಖಲೆಗಳನ್ನು ಜೋಪಾನ ಮಾಡಿ.

ನೇಪಾಳದ ಕಡೆಯಿಂದ ಒಂದು, ಕಠ್ಮಂಡುವಿನಿಂದ ಟಿಬೆಟಿನ ಗಡಿಯೂರು ಕೇರುಂಗ್ ಮೂಲಕ ರಸ್ತೆ. ಇನ್ನೊಂದು, ನೇಪಾಳಗಂಜ್‌ನಿಂದ ವಿಮಾನದಲ್ಲಿ ಸಿಮಿಕೋಟ್‌ಗೆ ಹೋಗಿ, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಗಡಿಯ ಹಿಲ್ಸಾಗೆ. ಗುಂಪು ವೀಸಾ ಮತ್ತು ಟಿಬೆಟ್ ಪ್ರವೇಶದ ಪರವಾನಗಿಯನ್ನು ಏಜೆನ್ಸಿಯವರೇ ಮಾಡಿಸುತ್ತಾರೆ. ದಿನ ಕಡಿಮೆ, ಲಾಟರಿ ಇಲ್ಲ. ಆದರೆ ವೈದ್ಯಕೀಯ ತಪಾಸಣೆಯ ಬಿಗಿಯೂ ಕಡಿಮೆ. "ಎಂಟು ದಿನದಲ್ಲಿ ಕೈಲಾಸ" ಎಂಬ ಜಾಹೀರಾತು ಕಂಡರೆ ನಾನು ಪುಟ ತಿರುವುತ್ತೇನೆ. ನಮ್ಮ ಹಿರಿಯರು ಆತುರಗಾರನಿಗೆ ಬುದ್ಧಿ ಮಟ್ಟ ಎಂದರು. ಎತ್ತರದ ಜಾಗದಲ್ಲಿ ಆತುರಗಾರನ ಶ್ವಾಸಕೋಶಕ್ಕೂ ಪೆಟ್ಟು ಬೀಳುತ್ತದೆ. ಏಜೆನ್ಸಿಯನ್ನು ಕೇಳಬೇಕಾದ್ದು ಮೂರೇ: ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿಸುತ್ತೀರಿ, ನಡುವೆ ವಿಶ್ರಾಂತಿಯ ದಿನ ಎಷ್ಟು, ಒಬ್ಬರಿಗೆ ಹುಷಾರು ತಪ್ಪಿದರೆ ಅವರನ್ನು ಕೆಳಕ್ಕೆ ಕರೆತರಲು ಯಾವ ಗಾಡಿ, ಯಾರು ಜೊತೆ. ಈ ಮೂರಕ್ಕೆ ನೇರ ಉತ್ತರ ಕೊಡದವರ ಜೊತೆ ಹೋಗಬೇಡಿ.

ಮಳೆಗಾಲದ ಹಿಮಾಲಯವನ್ನು ಹಗುರವಾಗಿ ಎಣಿಸಬಾರದು. 1998ರ ಆಗಸ್ಟ್‌ನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾದಲ್ಲಿ ಗುಡ್ಡ ಕುಸಿದು ಒಂದು ಬ್ಯಾಚಿನ ಯಾತ್ರಿಗಳೂ ಸೇರಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. 2025ರ ಜುಲೈನಲ್ಲಿ ನೇಪಾಳ-ಟಿಬೆಟ್ ಗಡಿಯ ರಸುವಾಗಢಿಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಮರಳುವ ಟಿಕೆಟ್ಟಿಗೂ ನಿಮ್ಮ ಕೆಲಸಕ್ಕೂ ನಡುವೆ ಕನಿಷ್ಠ ಮೂರು ನಾಲ್ಕು ದಿನ ಖಾಲಿ ಬಿಡಿ.

ಕಾಗದಪತ್ರ, ಮತ್ತು ಅದರಲ್ಲಿ ಒಂದು ಕಾಗದ

ಸರ್ಕಾರದ ಯಾತ್ರೆಗೆ ವಯಸ್ಸು 18ರಿಂದ 70. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 25 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾ, ಹೃದ್ರೋಗ, ಅಪಸ್ಮಾರ ಇರುವವರಿಗೆ ಅವಕಾಶವಿಲ್ಲ. ದೆಹಲಿಯಲ್ಲಿ ತಪಾಸಣೆ ಆಗುತ್ತದೆ, ದಾರಿಯಲ್ಲಿ ಎತ್ತರಕ್ಕೆ ಏರಿದ ಮೇಲೆ ಇನ್ನೊಮ್ಮೆ: ಲಿಪುಲೇಖ್ ಕಡೆಯವರಿಗೆ ಗುಂಜಿಯಲ್ಲಿ, ನಾಥು ಲಾ ಕಡೆಯವರಿಗೆ ಶೇರಥಾಂಗ್‌ನಲ್ಲಿ. ಎರಡನೆಯದರಲ್ಲೂ ಹಿಂದೆ ಕಳಿಸುವುದುಂಟು. ಮಾತ್ರೆ ನುಂಗಿ ಬಿ.ಪಿ. ಮುಚ್ಚಿಡಬಹುದು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಆ ತಪಾಸಣೆ ಇರುವುದು ನಿಮ್ಮ ಜೀವಕ್ಕೆ.

ಭರ್ತಿ ಮಾಡುವ ನಮೂನೆಗಳಲ್ಲಿ ಒಂದು, ಚೀನಾದ ಕಡೆ ಮರಣ ಸಂಭವಿಸಿದರೆ ದೇಹವನ್ನು ಅಲ್ಲಿಯೇ ದಹನ ಮಾಡಲು ಒಪ್ಪಿಗೆ ಪತ್ರ. ಬಹಳ ಜನ ಉಳಿದ ಹಾಳೆಗಳ ನಡುವೆ ಅದಕ್ಕೂ ಸರಸರನೆ ಸಹಿ ಹಾಕಿ ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿ. ನಮ್ಮ ಮನೆಯಲ್ಲಿ ಓದಿದಾಗ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾತು ಶುರುವಾಯಿತು: ಬ್ಯಾಂಕಿನ ಖಾತೆ, ವಿಮೆ, ಯಾರಿಗೆ ಎಷ್ಟು ಕೊಡಬೇಕು, ಅಣ್ಣನ ಜೊತೆ ವರ್ಷಗಟ್ಟಲೆ ನಿಂತುಹೋಗಿದ್ದ ಮಾತು. ಮಾರನೆಯ ವಾರ ನಾನು ಅಣ್ಣನ ಮನೆಗೆ ಹೋದೆ. ಬೆಟ್ಟ ಇನ್ನೂ ಸಾವಿರಾರು ಕಿಲೋಮೀಟರ್ ದೂರವಿತ್ತು, ನನ್ನ ಯಾತ್ರೆ ಅಲ್ಲಿಂದ ಶುರುವಾಗಿತ್ತು. ಖಾಸಗಿಯಾಗಿ ಹೋಗುವವರೂ ಈ ಸಂಜೆಯನ್ನು ತಪ್ಪಿಸಬೇಡಿ. ಉಯಿಲು, ನಾಮಿನಿ, ಸಾಲದ ಲೆಕ್ಕ, ಎತ್ತರದ ಪ್ರದೇಶಕ್ಕೂ ಅನ್ವಯಿಸುವ ವಿಮೆ, ಇವನ್ನು ಮುಗಿಸಿಕೊಂಡು ಹೊರಡಿ.

ಆರು ತಿಂಗಳ ನಡಿಗೆ

ಜೂನ್ ತಿಂಗಳಲ್ಲಿ ಹೊರಡುವುದಾದರೆ ಜನವರಿಗೆ ನಡಿಗೆ ಶುರುವಾಗಬೇಕು. ಮೊದಲ ಎರಡು ತಿಂಗಳು ವಾರಕ್ಕೆ ಐದು ದಿನ, ದಿನಕ್ಕೆ ಐದಾರು ಕಿಲೋಮೀಟರ್. ಮೂರನೆಯ ತಿಂಗಳಿಂದ ಬೆನ್ನಿಗೆ ನಾಲ್ಕೈದು ಕಿಲೋ ಚೀಲ ಏರಿಸಿ, ಮೆಟ್ಟಿಲು ಅಥವಾ ಏರು ಸೇರಿಸಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗಿಂತ ಒಳ್ಳೆಯ ಗರಡಿಮನೆ ಬೇರೆ ಬೇಕಿಲ್ಲ. ಉಳಿದವರು ಹತ್ತಿರದ ಯಾವ ಗುಡ್ಡವಾದರೂ ಸರಿ. ಐದನೆಯ ತಿಂಗಳ ಹೊತ್ತಿಗೆ ಶನಿವಾರ 18 ಕಿಲೋಮೀಟರ್ ನಡೆದು, ಮೈಕೈ ನೋವಿನಲ್ಲೇ ಭಾನುವಾರ ಮತ್ತೆ 15 ನಡೆಯುವಂತಾಗಬೇಕು. ಪರಿಕ್ರಮದಲ್ಲಿ ಕಾಲು ಕೈಕೊಡುವುದು ಹೆಚ್ಚಾಗಿ ಎರಡನೆಯ ದಿನ. ಅದಕ್ಕೇ ಸತತ ಎರಡು ದಿನದ ಅಭ್ಯಾಸ.

ಇಳಿಜಾರನ್ನು ಮರೆಯಬೇಡಿ. ಏರುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಬೈಠಕ್ ಹೊಡೆಯಿರಿ, ಎರಡು ಊರುಗೋಲು ಹಿಡಿದು ಇಳಿಯುವುದನ್ನು ರೂಢಿಸಿಕೊಳ್ಳಿ. ಬೂಟನ್ನು ಕನಿಷ್ಠ ಎರಡು ತಿಂಗಳು ಮೊದಲೇ ಕೊಂಡು, ಅದರಲ್ಲೇ ನೂರು ಕಿಲೋಮೀಟರ್ ನಡೆದು ಕಾಲಿಗೆ ಪಳಗಿಸಿ.

ವಾರದಲ್ಲಿ ಒಂದು ನಡಿಗೆಯನ್ನಾದರೂ ಒಬ್ಬರೇ, ಫೋನಿಲ್ಲದೆ, ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಮಾಡಿ. ಮೊದಲ ವಾರಗಳಲ್ಲಿ ತಲೆಯೊಳಗಿನ ಗದ್ದಲ ಕೇಳಿ ನಿಮಗೇ ಗಾಬರಿಯಾಗಬಹುದು. ಎರಡು ತಿಂಗಳಾದ ಮೇಲೆ ಅದೇ ಗದ್ದಲದ ನಡುವೆ ಒಂದೆರಡು ಮಾತು ಮತ್ತೆ ಮತ್ತೆ ಬರುವುದು ಗೊತ್ತಾಗುತ್ತದೆ. ನೋಟ್‌ಬುಕ್ಕಿಗೆ ಸೇರಬೇಕಾದ್ದು ಅವೇ.

ಎತ್ತರ ಎಂಬುದು

ಇದನ್ನು ಎರಡು ಸಲ ಓದಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮಾನಸ ಸರೋವರದ ದಂಡೆಯೇ ಸುಮಾರು 4,590 ಮೀಟರ್. ಡೋಲ್ಮಾ ಲಾ ಸುಮಾರು 5,630. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಅಂದರೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಇಲ್ಲಿ ಎಷ್ಟೇ ಗುಡ್ಡ ಹತ್ತಿ ಪಳಗಿದ್ದರೂ ಆ ಗಾಳಿಗೆ ದೇಹ ಒಗ್ಗುವುದು ಅಲ್ಲಿಗೆ ಹೋದ ಮೇಲೆಯೇ, ಅದೂ ದಿನಗಳ ಲೆಕ್ಕದಲ್ಲಿ. ಗಟ್ಟಿಮುಟ್ಟಾದ ಹುಡುಗರು ಸರಸರ ಹತ್ತಿ ಮೊದಲು ಮಲಗುವುದನ್ನು ಎರಡೂ ಯಾತ್ರೆಯಲ್ಲಿ ನೋಡಿದೆ. ಪ್ರಾಣಾಯಾಮ ಮನಸ್ಸನ್ನು ಹಿಡಿತದಲ್ಲಿಡುತ್ತದೆ, ಖಂಡಿತ ಮಾಡಿ. ಎತ್ತರದ ಕಾಯಿಲೆಯನ್ನು ಅದು ತಡೆಯುತ್ತದೆ ಎಂದು ನಂಬಿ ಕೂರಬೇಡಿ.

3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ ಮಲಗುವ ಎತ್ತರ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಇರಬೇಕು ಎಂಬುದು ವೈದ್ಯರ ಸಾಮಾನ್ಯ ಸೂತ್ರ. ಮೊದಲೆಲ್ಲ ಲಿಪುಲೇಖ್ ದಾರಿಯಲ್ಲಿ ಗಾಲಾ, ಬೂಧಿ, ಗುಂಜಿ ಎಂದು ದಿನಗಟ್ಟಲೆ ನಡೆದೇ ಮೇಲೇರಬೇಕಿತ್ತು. ಆ ಕಷ್ಟವೇ ದೇಹವನ್ನು ಒಗ್ಗಿಸುತ್ತಿತ್ತು. 2020ರಲ್ಲಿ ಲಿಪುಲೇಖ್‌ವರೆಗಿನ ರಸ್ತೆ ಉದ್ಘಾಟನೆಯಾಯಿತು. ವಯಸ್ಸಾದವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ, ಆದರೆ ಗಾಡಿಯಲ್ಲಿ ಬೇಗ ಏರಿದವರು ಗುಂಜಿಯಂಥ ಕಡೆ ಕೊಡುವ ವಿಶ್ರಾಂತಿಯ ದಿನಗಳನ್ನು ಸುತ್ತಾಟಕ್ಕೆ ಬಳಸದೆ ನಿಜವಾಗಿ ವಿಶ್ರಾಂತಿಗೇ ಬಳಸಬೇಕು. ನೇಪಾಳದ ರಸ್ತೆಯಲ್ಲಿ ಕೇರುಂಗ್ ಸುಮಾರು 2,800 ಮೀಟರ್, ಮುಂದಿನ ತಂಗುದಾಣ ಸಾಗಾ 4,500ರ ಹತ್ತಿರ. ಕೇರುಂಗ್‌ನಲ್ಲಿ ಎರಡು ರಾತ್ರಿ ಉಳಿಸದ ಪ್ರವಾಸ ನನಗೆ ಒಪ್ಪಿಗೆಯಿಲ್ಲ.

ಲಕ್ಷಣಗಳು: ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ಮೈಯೆಲ್ಲ ಸುಸ್ತು. ಇವು ಕಂಡರೆ ಅದಕ್ಕಿಂತ ಮೇಲೆ ಹೋಗಬೇಡಿ, ಅಲ್ಲೇ ನಿಂತು ನೀರು ಕುಡಿದು ವಿಶ್ರಾಂತಿ ಪಡೆಯಿರಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನೊರೆಯಂಥ ಕಫ ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ. ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ಮಾತು ತೊದಲಿದರೆ, ಗೊಂದಲವಾದರೆ ಮಿದುಳಿಗೆ ಬಾವು ಬಂದಿದೆ. ಎರಡಕ್ಕೂ ಮದ್ದು ಒಂದೇ, ಕೂಡಲೇ ಕೆಳಕ್ಕಿಳಿಯುವುದು. ರಾತ್ರಿಯಾದರೂ ಸರಿ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿ ಕೆಲವು ನಿಮಿಷದ ಸಮಾಧಾನ ಕೊಡುತ್ತದೆ, ಇಳಿಯುವುದಕ್ಕೆ ಅದು ಬದಲಿಯಾಗಲಾರದು. ಅಸಿಟಜೋಲಮೈಡ್, ಅಂಗಡಿಯಲ್ಲಿ ಡಯಾಮಾಕ್ಸ್ ಎಂದು ಸಿಗುವ ಮಾತ್ರೆ, ದೇಹ ಒಗ್ಗಲು ನೆರವಾಗುತ್ತದೆ. ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು, ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ಅವರಿಗೆ ಮೊದಲೇ ತಿಳಿಸಿ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಸಾಮಾನ್ಯ ಪರಿಣಾಮ, ಹೆದರಬೇಡಿ. ಮದ್ಯ ಮತ್ತು ನಿದ್ರೆ ಮಾತ್ರೆಯ ಹತ್ತಿರ ಹೋಗಬೇಡಿ.

ಮೊದಲ ಯಾತ್ರೆಯಲ್ಲಿ ನನಗೆ, ಗಡಿ ದಾಟಿದ ಮೇಲೆ ಸಿಗುವ ಟಿಬೆಟಿನ ಊರು ಟಕ್ಲಾಕೋಟ್‌ನಿಂದಲೇ ಕೆಮ್ಮು ಇತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ತಡೆಯುತ್ತಾರೆ ಎಂಬ ಭಯ, ಬ್ಯಾಚಿನಲ್ಲಿ ಗಟ್ಟಿಗ ಎಂದು ಹೆಸರಾಗಿದ್ದ ಹೆಮ್ಮೆ. ಪರಿಕ್ರಮದ ಮೊದಲ ತಂಗುದಾಣ ದಿರಾಪುಕ್ ತಲುಪಿದ ರಾತ್ರಿ ಮಲಗಲು ಆಗಲಿಲ್ಲ, ಗೋಡೆಗೆ ಒರಗಿ ಕೂತರೂ ಉಸಿರು ಸಾಲದು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಟಾರ್ಚ್ ಹಾಕಿ ನನ್ನ ತುಟಿ ನೋಡಿದರು. "ತಮ್ಮಾ, ಎದ್ದು ಬಾ, ಇಳಿಯೋಣ" ಎಂದರು. ಅವರೂ ತಮ್ಮ ಪರಿಕ್ರಮ ಬಿಟ್ಟು ನನ್ನ ಜೊತೆ ಇಳಿದರು. ಮಾರನೆಯ ದಿನ ಪರಿಕ್ರಮ ಶುರುವಾಗುವ ಊರು ದಾರ್ಚೆನ್‌ನಲ್ಲಿ ಎಚ್ಚರವಾದಾಗ ನಾನು ಮೊದಲು ಕೇಳಿದ್ದು ಕ್ಷಮೆಯನ್ನು. ಅವರು ನನ್ನ ತಟ್ಟೆಗೆ ಗಂಜಿ ಬಡಿಸುತ್ತಿದ್ದರು, ಮೊದಲು ಇದನ್ನು ಕುಡಿ ಎಂದರು.

ಮನೆಯಲ್ಲೇ ಬರೆದಿಡಬೇಕಾದ ಒಪ್ಪಂದ

ಅಂದಿನಿಂದ ಎತ್ತರಕ್ಕೆ ಹೊರಡುವ ಯಾರಿಗೇ ಆದರೂ ಇದನ್ನು ಮಾಡಿಸುತ್ತೇನೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಊರಲ್ಲಿ ಬುದ್ಧಿ ತಿಳಿಯಾಗಿರುವಾಗಲೇ, ಹೀಗೆ ಬರೆಯಿರಿ: ತಲೆನೋವು ಬಂದರೆ ಒಂದು ಗಂಟೆಯೊಳಗೆ ಜೊತೆಯವರಿಗೆ ಹೇಳುತ್ತೇನೆ. ಕೂತಲ್ಲಿ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಇಳಿಯುತ್ತೇನೆ. ನಾನು ಸರಿಯಾಗಿದ್ದೇನೆ ಎಂದು ವಾದಿಸಿದರೂ ಜೊತೆಯವರ ಮಾತೇ ಕೊನೆಯದು.

ಕೆಳಗೆ ಸಹಿ ಹಾಕಿ, ಯಾತ್ರೆಯಲ್ಲಿ ಜೊತೆಯಾಗುವ ಒಬ್ಬರ ಕೈಗೆ ಕೊಡಿ, ಅವರದನ್ನು ನೀವು ಪಡೆದುಕೊಳ್ಳಿ. ಆಮ್ಲಜನಕ ಕಡಿಮೆಯಾದ ಮಿದುಳು ತನಗೇನೂ ಆಗಿಲ್ಲ ಎಂದೇ ಹೇಳುತ್ತದೆ, ಹಾಗಾಗಿ ತೀರ್ಮಾನವನ್ನು ಇನ್ನೊಬ್ಬರ ಕೈಯಲ್ಲಿಡುವುದು ಬೇಕೇ ಬೇಕು. ನಾವೆಲ್ಲ ಬದುಕಿನಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೇವೆ ಎಂದು ಯೋಚಿಸಿ. ನನ್ನ ಬಗ್ಗೆ ನನಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಕಾಣುತ್ತದೆ ಎಂದು ಒಪ್ಪಿ ಸಹಿ ಹಾಕುವುದು ನನಗಂತೂ ಡೋಲ್ಮಾ ಲಾ ಏರಿಗಿಂತ ಕಷ್ಟವಾಗಿತ್ತು.

ಚೀಲ

ಹತ್ತಿಯ ಒಳ ಉಡುಪು ಬೇಡ, ಬೆವರಿಗೆ ಒದ್ದೆಯಾಗಿ ಚಳಿ ಹಿಡಿಸುತ್ತದೆ. ಪದರ ಪದರವಾಗಿ: ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಪುಕ್ಕದ ಜಾಕೆಟ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವುದು. ಎರಡು ಜೊತೆ ಕೈಗವಸು, ಕಿವಿ ಮುಚ್ಚುವ ಟೋಪಿ, ಕಡು ಬಣ್ಣದ ಅತಿನೇರಳೆ ತಡೆಯುವ ಕನ್ನಡಕ, ಸನ್‌ಸ್ಕ್ರೀನ್, ತುಟಿಗೆ ಮುಲಾಮು, ತಲೆಗೆ ಕಟ್ಟುವ ಟಾರ್ಚ್, ಒಆರ್‌ಎಸ್, ನಿಮ್ಮ ಔಷಧಿ ಮತ್ತು ಅದರ ಚೀಟಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಮತ್ತು ಪವರ್ ಬ್ಯಾಂಕ್ ಮೈಗೆ ಹತ್ತಿರದ ಜೇಬಿನಲ್ಲಿರಲಿ. ದಲೈ ಲಾಮಾ ಅವರ ಚಿತ್ರ, ಟಿಬೆಟ್ ರಾಜಕೀಯದ ಪುಸ್ತಕ ಒಯ್ಯಬೇಡಿ, ಗಡಿಯಲ್ಲಿ ಇಡೀ ಗುಂಪಿಗೆ ತೊಂದರೆ.

ಗಡಿ ದಾಟಿದ ಮೇಲೆ ವಾಟ್ಸಾಪ್, ಗೂಗಲ್ ನಡೆಯುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಡಿ, ಸುದ್ದಿ ಇಲ್ಲವೆಂದರೆ ಕ್ಷೇಮ ಎಂದೇ ತಿಳಿಯಲಿ. ಆ ಮೌನವನ್ನು ತುಂಬಲು ದಾರಿ ಹುಡುಕಬೇಡಿ.

ಪರಿಕ್ರಮದ ಮೂರು ದಿನ

ಗಡಿಯಾರದಿಂದ ಶುರುಮಾಡೋಣ. ಅಲ್ಲಿ ಬೀಜಿಂಗ್ ಸಮಯ, ನಮಗಿಂತ ಎರಡೂವರೆ ಗಂಟೆ ಮುಂದೆ. ಗಡಿಯಾರ ಆರು ಎಂದರೂ ಹೊರಗೆ ಕತ್ತಲೆ. ಬ್ಯಾಚಿನವರು ಹೊರಡುವ ಸಮಯ ಹೇಳಿದಾಗ ಯಾವ ಗಡಿಯಾರ ಎಂದು ಕೇಳಿ ತಿಳಿದುಕೊಳ್ಳಿ.

ಮೊದಲ ದಿನ ದಾರ್ಚೆನ್‌ನಿಂದ ಗಾಡಿಯಲ್ಲಿ ಯಮದ್ವಾರಕ್ಕೆ. ಚಿಕ್ಕ ಮಂಟಪದಂಥ ಆ ಬಾಗಿಲೊಳಗೆ ನುಗ್ಗಿ ಹೊರಬಂದರೆ ನಡಿಗೆ ಶುರು. ಕುದುರೆ ಮತ್ತು ಚೀಲ ಹೊರುವವರು ಸಿಗುವುದು ಇಲ್ಲಿಯೇ, ಬಾಡಿಗೆ ಯುವಾನ್‌ನಲ್ಲಿ, ಮೂರು ದಿನಕ್ಕೂ ಸೇರಿಸಿ. ನಡುದಾರಿಯಲ್ಲಿ ಬೇಕೆಂದರೆ ಸಿಗುವುದಿಲ್ಲ, ಆದ್ದರಿಂದ ಅನುಮಾನವಿದ್ದರೂ ಇಲ್ಲಿಯೇ ಮಾತಾಡಿ. ಕುದುರೆ ಹತ್ತಿದರೆ ಪುಣ್ಯ ಕಡಿಮೆ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ನಾನು ಅದನ್ನು ನಂಬಿದ್ದವನು. ಎರಡನೆಯ ಸಲ ಕುದುರೆಯ ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ ಟಿಬೆಟಿನ ಹೆಂಗಸು, ನಾನು ಪ್ರತಿ ಸಲ ವಾಲಿದಾಗಲೂ ಹಿಂದಿರುಗಿ ನೋಡುತ್ತಿದ್ದಳು. ಅವಳಿಗೂ ನನಗೂ ಒಂದು ಶಬ್ದದ ಭಾಷೆಯೂ ಸಾಮಾನ್ಯವಿರಲಿಲ್ಲ. ಸಹಾಯವನ್ನು ತಲೆತಗ್ಗಿಸದೆ ಪಡೆಯುವುದನ್ನು ಅವಳ ಹಿಂದೆ ಕೂತು ಕಲಿತೆ.

ಅಂದು ಸುಮಾರು 12 ಕಿಲೋಮೀಟರ್ ಕಣಿವೆಯ ನಡಿಗೆ, ಸಂಜೆಗೆ 5,000 ಮೀಟರಿನ ಆಸುಪಾಸಿನ ದಿರಾಪುಕ್. ಇಲ್ಲಿಂದ ಕಾಣುವ ಉತ್ತರ ಮುಖವೇ ಕೈಲಾಸದ ಅತಿ ಹತ್ತಿರದ ದರ್ಶನ. ಇಲ್ಲಿಂದ ಹಿಂದಿರುಗಬೇಕಾಗಿ ಬಂದವರು ಇದನ್ನು ನೆನಪಿಡಿ, ನೋಡಬೇಕಾದ್ದನ್ನು ನೀವು ನೋಡಿಯಾಗಿದೆ. ಸಂಜೆ ಬೆಚ್ಚಗಿನ ಏನನ್ನಾದರೂ ಬಲವಂತವಾಗಿಯಾದರೂ ತಿನ್ನಿ, ಒಪ್ಪಂದ ಬದಲಿಸಿಕೊಂಡ ಜೊತೆಗಾರರ ಮುಖವನ್ನು ಬೆಳಕಿನಲ್ಲಿ ನೋಡಿ, ಪರಸ್ಪರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ.

ಎರಡನೆಯ ದಿನವೇ ಕಠಿಣ. ಕತ್ತಲಲ್ಲಿ ಹೊರಟು ಸುಮಾರು 22 ಕಿಲೋಮೀಟರ್. ಹೆಜ್ಜೆಗೊಂದು ಉಸಿರು, ಕಡಿದಾದಲ್ಲಿ ಹೆಜ್ಜೆಗೆರಡು. ಬಾಯಲ್ಲಿ ಮಾತಾಡುವಷ್ಟು ಉಸಿರು ಉಳಿಯದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ನಾಮವೊಂದನ್ನು ಹೆಜ್ಜೆಗೆ ಕಟ್ಟಿಕೊಳ್ಳಿ, ಪಂಚಾಕ್ಷರಿಯೋ ಜೈನರ ಣಮೋಕಾರವೋ ನಿಮ್ಮ ಮನೆಯದು ಯಾವುದೋ ಅದು. ಏರಿನ ನಡುವೆ ಶಿವಾ ತ್ಸಲ್ ಎಂಬ ಜಾಗ ಬರುತ್ತದೆ. ಬಂಡೆಗಳ ಮೇಲೆ ಹಳೆಯ ಬಟ್ಟೆ, ಕೂದಲು. ಟಿಬೆಟಿನ ಯಾತ್ರಿಗಳು ತಮ್ಮ ಈವರೆಗಿನ ಬದುಕು ಇಲ್ಲಿಗೆ ಸತ್ತಿತು ಎಂದು ಭಾವಿಸಿ ತಮ್ಮದೊಂದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದ ಆ ಸಾಲನ್ನು ಇಲ್ಲಿ ಮನಸ್ಸಿನಲ್ಲೇ ಓದಿ, ಎರಡು ನಿಮಿಷ ನಿಂತು ಮುಂದೆ ಹೊರಡಿ. ಬಟ್ಟೆ, ಪ್ಲಾಸ್ಟಿಕ್, ಫೋಟೋ ಬಿಡುವುದು ಬೇಡ, ಆ ಚಳಿಯಲ್ಲಿ ಯಾವುದೂ ಕೊಳೆಯುವುದಿಲ್ಲ.

ಡೋಲ್ಮಾ ಎಂದರೆ ತಾರಾದೇವಿ, ಲಾ ಎಂದರೆ ಕಣಿವೆದಾರಿ. ಮೇಲೆ ಬಣ್ಣಬಣ್ಣದ ಪ್ರಾರ್ಥನೆಯ ಧ್ವಜಗಳು. ಅಳು ಬಂದರೆ ಅಳಿ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ಹವಾಮಾನ ಯಾವ ಕ್ಷಣದಲ್ಲೂ ಕೆಡಬಹುದು, ಜುಲೈನಲ್ಲೂ ಹಿಮ ಬೀಳುತ್ತದೆ. ಆಚೆಯ ಇಳಿಜಾರಿನಲ್ಲಿ ಕುದುರೆಯವರು ನಿಮ್ಮನ್ನು ಇಳಿಸುತ್ತಾರೆ, ಎಲ್ಲರೂ ನಡೆದೇ ಇಳಿಯಬೇಕು. ಕೆಳಗೆ ಕಾಣುವ ಪಚ್ಚೆ ಬಣ್ಣದ ಕೊಳವೇ ಗೌರಿಕುಂಡ. ಅದರವರೆಗಿನ ಇಳಿಜಾರು ಕಡಿದಾದದ್ದು, ಮೇಲಿನಿಂದಲೇ ಕೈಮುಗಿದರೆ ಸಾಕು. ಮುಂದಿನ ದಾರಿ ಸಮತಟ್ಟು, ಆದರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ದೊಡ್ಡದು ಆಗಿಹೋಗಿದೆ, ನೋಡಲು ಇನ್ನೇನೂ ಇಲ್ಲ, ಕಾಲು ಎಳೆಯುತ್ತಾ ಗಂಟೆಗಟ್ಟಲೆ ನಡೆಯಬೇಕು. ಸಿಟ್ಟು, ಚಾಡಿ, ಜಗಳ ಬ್ಯಾಚಿನಲ್ಲಿ ಹೊರಬರುವುದು ಈ ಹೊತ್ತಿನಲ್ಲೇ. ನನ್ನ ಸ್ವಭಾವವನ್ನು ನಾನು ಹತ್ತಿರದಿಂದ ಕಂಡದ್ದೂ ಇಲ್ಲಿ: ಮುಂದೆ ನಡೆಯುವವರ ಮೇಲೆ ಅಸೂಯೆ, ಹಿಂದೆ ಉಳಿದವರ ಮೇಲೆ ಅಸಹನೆ. ರಾತ್ರಿ ಜುತುಲ್‌ಪುಕ್‌ನಲ್ಲಿ ಅದನ್ನೇ ಬರೆದೆ.

ಜುತುಲ್‌ಪುಕ್‌ನಲ್ಲಿ ಯೋಗಿ ಮಿಲರೇಪ ತಪಸ್ಸು ಮಾಡಿದನೆನ್ನುವ ಗುಹೆ ಇದೆ. ಮೂರನೆಯ ದಿನ ಕೆಲವೇ ಗಂಟೆಗಳ ಸುಲಭದ ನಡಿಗೆ, ಆಮೇಲೆ ಗಾಡಿ.

ಟಿಬೆಟಿನ ಪಂಚಾಂಗದ ಕುದುರೆ ವರ್ಷದಲ್ಲಿ ಮಾಡುವ ಒಂದು ಪರಿಕ್ರಮ ಹದಿಮೂರಕ್ಕೆ ಸಮ ಎಂಬ ನಂಬಿಕೆಯಿದೆ. 2014ರ ನಂತರದ ಕುದುರೆ ವರ್ಷ 2026. ಅಂಥ ವರ್ಷದಲ್ಲಿ ದಾರಿ ತುಂಬಿರುತ್ತದೆ, ಹಾಸಿಗೆಗೂ ಕುದುರೆಗೂ ಪೈಪೋಟಿ. ಏಕಾಂತ ಬೇಕೆನ್ನುವವರು ಬೇರೆ ವರ್ಷ ಆರಿಸಿಕೊಳ್ಳಿ.

ಸರೋವರದ ದಂಡೆ

ಮಾನಸ ಸರೋವರದಲ್ಲಿ ಸಮಯ ಸಿಕ್ಕಿದಷ್ಟು ಹೊತ್ತು ಸುಮ್ಮನೆ ಕೂರಿ. ದಕ್ಷಿಣಕ್ಕೆ 7,694 ಮೀಟರಿನ ಗುರ್ಲಾ ಮಾಂಧಾತ, ಉತ್ತರಕ್ಕೆ ಕೈಲಾಸ, ಪಶ್ಚಿಮಕ್ಕೆ ಒಂದು ದಿಬ್ಬದಾಚೆ ರಾಕ್ಷಸ ತಾಲ್. ಸಿಂಧೂ, ಸತಲಜ್, ಬ್ರಹ್ಮಪುತ್ರ, ಕರ್ನಾಲಿ ಈ ನಾಲ್ಕೂ ನದಿಗಳು ಹುಟ್ಟುವುದು ಈ ಸೀಮೆಯಲ್ಲೇ. ಇತ್ತೀಚಿನ ವರ್ಷಗಳಲ್ಲಿ ನೀರಿಗೆ ಇಳಿದು ಮುಳುಗಲು ಬಿಡುವುದಿಲ್ಲ, ಬಕೆಟಿನಲ್ಲಿ ನೀರು ತಂದು ದಂಡೆಯಿಂದ ದೂರ ಸ್ನಾನ ಮಾಡಬೇಕು. ಸೋಪು ಬೇಡವೇ ಬೇಡ. ಪರಿಕ್ರಮಕ್ಕೆ ಮೊದಲು ಇಲ್ಲಿ ತಂಗುವುದಿದ್ದರೆ ತಣ್ಣೀರು ಸ್ನಾನ ಮಾಡಿ ನೆಗಡಿ ಹಿಡಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ, ಪ್ರೋಕ್ಷಣೆ ಸಾಕು.

ಮರಳಿ ಬಂದ ಮೇಲೆ

ಊರಿಗೆ ಬಂದ ಕೂಡಲೇ ಜನ ಬರುತ್ತಾರೆ, ಕಾಲಿಗೆರಗುತ್ತಾರೆ, ತೀರ್ಥ ಕೇಳುತ್ತಾರೆ. ಸಮಾರಾಧನೆ ಮಾಡುವ ಪದ್ಧತಿಯಿದ್ದರೆ ಮಾಡಿ, ಆದರೆ ಹದಿನೈದು ದಿನ ಬಿಟ್ಟು. ಅಲ್ಲಿ ಕಂಡದ್ದನ್ನು ಮೊದಲ ದಿನವೇ ಇಪ್ಪತ್ತು ಜನಕ್ಕೆ ಹೇಳಿದರೆ, ಇಪ್ಪತ್ತನೆಯವರಿಗೆ ಹೇಳುವ ಹೊತ್ತಿಗೆ ಅದು ಕಥೆಯಾಗಿರುತ್ತದೆ, ನಿಮ್ಮ ಕೈಯಿಂದ ಜಾರಿರುತ್ತದೆ. ಮೊದಲು ನೋಟ್‌ಬುಕ್ ತುಂಬಿಸಿ. ಬರೆಯುವಾಗ ದರ್ಶನದ ವರ್ಣನೆಗಿಂತ ನಿಮಗೆ ನೆರವಾದವರ ಪಟ್ಟಿ ಮುಖ್ಯ: ನೀರು ಕೊಟ್ಟವರು, ಚೀಲ ಹೊತ್ತವರು, ನೀವು ಸಿಡುಕಿದಾಗ ಸುಮ್ಮನಿದ್ದವರು.

ಒಂದೆರಡು ವಾರ ಮಂಕು ಕವಿದಂತಾಗುವುದು ಸಹಜ. ದಿನಚರಿ ಸಪ್ಪೆ ಅನ್ನಿಸುತ್ತದೆ, ಮತ್ತೆ ಯಾವಾಗ ಹೋಗುವುದು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಬೆಳಗಿನ ನಡಿಗೆಯನ್ನು ಮಾತ್ರ ನಿಲ್ಲಿಸಬೇಡಿ, ಹೋಗುವ ಮೊದಲಿನಷ್ಟೇ ದೂರ, ಅದೇ ಮೌನದಲ್ಲಿ. ಮಂಡಲ ಕಾಲ, ಅಂದರೆ 48 ದಿನ, ಒಂದೇ ಒಂದು ಬದಲಾವಣೆಯನ್ನು ಹಿಡಿದುಕೊಳ್ಳಿ. ನಾನು ಹಿಡಿದದ್ದು ಇದನ್ನು: ಮೈಗೋ ಮನಸ್ಸಿಗೋ ಹುಷಾರಿಲ್ಲದಿದ್ದರೆ ಅಂದೇ ಮನೆಯಲ್ಲಿ ಒಬ್ಬರಿಗಾದರೂ ಹೇಳುವುದು. ಸಣ್ಣದು, ಆದರೆ ಆ ಕೆಮ್ಮನ್ನು ಮುಚ್ಚಿಟ್ಟವನಿಗೆ ಸಣ್ಣದಾಗಿರಲಿಲ್ಲ.

ಸರ್ಕಾರದ ಯಾತ್ರೆಗೆ ಹೋಗಬೇಕೆಂದಿರುವವರು ವರ್ಷದ ಮೊದಲ ತಿಂಗಳುಗಳಿಂದಲೇ ವಿದೇಶಾಂಗ ಸಚಿವಾಲಯದ ಯಾತ್ರಾ ಜಾಲತಾಣದ ಮೇಲೆ ಕಣ್ಣಿಟ್ಟಿರಿ. 2025ರಲ್ಲಿ ಅರ್ಜಿ ಹಾಕಲು ಸಿಕ್ಕಿದ್ದು ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗಿನ ಕೆಲವೇ ದಿನ. ಪಾಸ್‌ಪೋರ್ಟ್ ನೀವು ಹೋಗುವ ವರ್ಷದ ಸೆಪ್ಟೆಂಬರ್ 1ರಿಂದ ಮುಂದೆ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಇವತ್ತೇ ಬೀರು ತೆರೆದು ನಿಮ್ಮದರ ಕೊನೆಯ ದಿನಾಂಕ ನೋಡಿಕೊಳ್ಳಿ.